ಗಿರಣಿ ಬಾಗಿಲಿಗೆ ಕೂತ ದವಾಖಾನೆ

“ಎಬ್ಬಸ್ರಿ ಸಿಸ್ಟರ, ಎಬ್ಬಸ್ರಿ! ಈಗಿಂದೀಗ ನಿಮ್ಮ ದವಾಖಾನಿ ನನ್ನ ಬಾಗಲಾಗಿಂದ ಎಬ್ಬಸ್ಕೊಂಡ ಹೋಗ್ರಿ. ಇಲ್ಲಂದ್ರ ಕಬ್ಬಿಣದ ಹಾರಿ ಹಾಕಿ ಎಬ್ಬಸ್ತೇನಿ ನೋಡ್ರಿ!”

“ನಾ ಹೇಳಿದ್ರ ಏಳ್ತದೇನ್ರಿ ಅದು? ಹದಿನಾಕ ವರ್ಷ ಆತು, ನನ್ನ ಒಂದ ಮಾತ ಕೇಳಿಲ್ಲ. ನಿಮಗ ಏನೋ ಆಗೇದ, ಅದಕ್ಕ ಬಂದು ಕುಂತದ. ಬಾಯಿ ಮುಚ್ಚಿ ತೋಳ ಚಾಚ್ರಿ ಗುರುಪಾದಣ್ಣ.”

“ನನಗ? ಏನಾಗೇತಿ ನನಗ? ಕ್ವಿಂಟಲ್ ಚೀಲ ಒಬ್ಬನ ಬೆನ್ನಿಗೆ ಹಾಕ್ಕೊಳ್ಳೋ ಮನಷ್ಯಾ ನಾ! ಬ್ಯಾನಿ ಬರಬೇಕಂದ್ರ ನನ್ನ ಕೇಳಿ ಬರಬೇಕು!”

“ನಿಮ್ಮ ದನಿ ಕೇಳಿದ್ರ ಅದೂ ಹೊಳ್ಳಿ ಓಡಿ ಹೋಗ್ತದ. ತೋಳ.”

ನಾನು ತೋಳು ಚಾಚಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನನ್ನ ಹಿಟ್ಟಿನ ಗಿರಣಿಯ ಬಾಗಿಲಿಗೆ ಪಡಸಾಲೆ ಒತ್ತಿಕೊಂಡು ದವಾಖಾನೆ ಕೂತಿತ್ತು, ಎಮ್ಮೆ ಕೆಸರಿನಲ್ಲಿ ಕೂತ ಹಾಗೆ, ಇನ್ನು ಏಳುವ ಯೋಚನೆಯೇ ಇಲ್ಲದ ಹಾಗೆ. ಬಾಗಿಲಿಗೂ ಅದರ ಗೋಡೆಗೂ ನಡುವೆ ಬೆರಳು ತೂರಿಸಲು ಸಹ ಜಾಗವಿರಲಿಲ್ಲ. ಜೋಳದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಂದ ಹೆಣ್ಣುಮಕ್ಕಳು ಆಚೆ ನಿಂತು ನಗುತ್ತಿದ್ದರು. ಊರಿಗೆ ಇರುವುದು ಒಂದೇ ಗಿರಣಿ. ಅದಕ್ಕೆ ಇರುವುದು ಒಂದೇ ಬಾಗಿಲು.

ನಮ್ಮೂರ ದವಾಖಾನೆ ದಿನಾ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಏಳುತ್ತದೆ. ಎದ್ದು ಓಣಿ ಓಣಿ ತಿರುಗಿ, ಅವತ್ತು ಯಾರಿಗೆ ಅದರ ಅಗತ್ಯ ಹೆಚ್ಚೋ ಅವರ ಮನೆ ಮುಂದೆ ಹೋಗಿ ಕೂರುತ್ತದೆ. ಬೇರೆ ಊರವರು ಇದೇನು ವಿಚಿತ್ರ ಎಂದು ಕೇಳುತ್ತಾರೆ. ಅವರೂರಲ್ಲಿ ಜ್ವರ ಬಂದವನೇ ಎದ್ದು ದವಾಖಾನೆಗೆ ನಡೆದು ಹೋಗಬೇಕಂತೆ. ಇದು ಯಾವ ನ್ಯಾಯ ಎಂದು ನಾನು ಕೇಳುತ್ತೇನೆ.

ಹೇಳುವಂಥ ದೊಡ್ಡ ಕಟ್ಟಡವೇನಲ್ಲ. ಒಂದು ಖೋಲಿ, ಒಂದು ಪಡಸಾಲೆ, ಮೇಲೆ ತಗಡು. ಹಳದಿ ಗೋಡೆಯ ಮೇಲೆ ‘ಕೈ ತೊಳೆದು ಊಟ ಮಾಡಿ’ ಎಂದು ಬರೆದದ್ದರಲ್ಲಿ ಕೈ ಅಳಿಸಿಹೋಗಿ ‘ತೊಳೆದು ಊಟ ಮಾಡಿ’ ಮಾತ್ರ ಉಳಿದಿದೆ. ಅದರ ಓಡಾಟಕ್ಕೆಂದು ನಾವು ಬಟ್ಟೆ ಒಣಗಿಸುವ ಹಗ್ಗಗಳನ್ನು ಎತ್ತರದಲ್ಲಿ ಕಟ್ಟುತ್ತೇವೆ. ಕರೆಂಟಿನ ವೈರನ್ನು ಮಾರುಗಟ್ಟಲೆ ಸುರುಳಿ ಸುತ್ತಿ ಕಂಬಕ್ಕೆ ತೂಗುಹಾಕಿದ್ದೇವೆ, ಅದು ಎಳೆದಷ್ಟೂ ಬಿಚ್ಚಿಕೊಳ್ಳಲಿ ಎಂದು. ಕನ್ಯೆ ನೋಡಲು ಬರುವವರಿದ್ದರೆ ಕೆಮ್ಮುವ ಅಜ್ಜನನ್ನು ಹಿಂದಿನ ದಿನವೇ ಹೊಲದ ಗುಡಿಸಲಿಗೆ ಸಾಗಿಸುತ್ತೇವೆ; ದವಾಖಾನೆ ಮನೆ ಮುಂದೆ ಕೂತಿದ್ದರೆ ಬೀಗರು ಚಹಾ ಕುಡಿಯದೆ ತಿರುಗಿ ಹೋಗುತ್ತಾರೆ. ಅಜ್ಜನ ಹಿಂದೆ ದವಾಖಾನೆಯೂ ಹೊಲಕ್ಕೆ ಹೋಗಿ ಜೋಳ ತುಳಿದದ್ದುಂಟು. ಏನು ಮಾಡುವುದು, ಜೋಳ ಮತ್ತೆ ಬೆಳೆಯುತ್ತದೆ.

ಅದನ್ನು ನೋಡಿಕೊಳ್ಳುವವರು ಪ್ರಮೀಳಾ ಸಿಸ್ಟರ್. ಡಾಕ್ಟರು ಬರುತ್ತಾರೆ ಬರುತ್ತಾರೆ ಎಂದು ಹೇಳುವುದನ್ನು ಕೇಳುತ್ತಲೇ ನನ್ನ ಮೀಸೆ ಬೆಳ್ಳಗಾಯಿತು. ಸೂಜಿ ಹಾಕುವುದು, ಹೆರಿಗೆ, ಗಾಯ ತೊಳೆಯುವುದು, ಚೇಳು ಕಡಿದವನನ್ನು ಬೈಯುವುದು, ಎಲ್ಲಾ ಈ ಹೆಣ್ಣುಮಗಳೊಬ್ಬರೇ. ಇರುವುದು ನಮ್ಮ ಗಿರಣಿಯ ಹಿಂದಿನ ಖೋಲಿಯಲ್ಲಿ. ಅಲ್ಲಿಗೆ ಹೋಗುವ ಸಂದಿಯಲ್ಲಿ ಕರು ಸಹ ತಿರುಗಲಾರದು. ಊಟ ನಮ್ಮ ಮನೆಯಲ್ಲೇ, ನನ್ನ ಹೆಂಡತಿ ನೀಲವ್ವನ ಕೈ ರೊಟ್ಟಿ. ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದು, “ಇವತ್ತ ಯಾವ ಓಣ್ಯಾಗ ಕುಂತದ್ರಿ?” ಎಂದು ಕೇಳುವುದು, ಯಾರಾದರೂ ಕೈ ತೋರಿಸುವುದು, ಅವರು ನಡೆದು ಹೋಗುವುದು. ಅವತ್ತು ಮಾತ್ರ ಕೇಳುವ ಕೆಲಸ ಬೀಳಲಿಲ್ಲ.

ಕಡೆಗೆ ನೀಲವ್ವ ಬಂದು ನನ್ನ ತೋಳನ್ನು ಹಿಂದಿನಿಂದ ಎಳೆದು ಸಿಸ್ಟರ್ ಕೈಗೆ ಕೊಟ್ಟಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ, ಕಳ್ಳನನ್ನು ಹಿಡಿದುಕೊಟ್ಟ ಹಾಗೆ ಹಿಡಿದುಕೊಟ್ಟಳು. ಸಿಸ್ಟರ್ ಬಿ.ಪಿ. ನೋಡುವ ಪಟ್ಟಿ ಸುತ್ತಿ ಗಾಳಿ ಹಾಕತೊಡಗಿದರು. ನಾನು ಮೊದಲೇ ಹೇಳಿದೆ, “ನಿಮ್ಮ ಮಸೀನು ಕೆಟ್ಟೇತಿ. ಅದೂ ಅಲ್ಲದ ನಾ ನಿನ್ನಿ ಉಪ್ಪಿನಕಾಯಿ ತಿಂದೇನಿ, ಅದರ ಲೆಕ್ಕ ಹಿಡೀಬಾರದು. ಏನರ ಇದ್ರೂ ದೊಡ್ಡ ದವಾಖಾನಿಗೆ ನಾ ಈಗ ಹೋಗಂಗಿಲ್ಲ, ಸುಗ್ಗಿ ಮುಗಿದ ಮ್ಯಾಲ ನೋಡೋಣು.”

“ಈ ಮೂರು ಮಾತು ಬಿಟ್ಟು ಈ ಊರಾಗ ನಾಕನೇದ್ದು ನಾ ಕೇಳಿಲ್ಲ,” ಎಂದರು ಸಿಸ್ಟರ್. ಆಮೇಲೆ ಪಟ್ಟಿ ಬಿಚ್ಚಿ, ಸ್ವಲ್ಪ ಬೇಸರದಿಂದಲೇ ಹೇಳಿದರು, “ಏನೂ ಇಲ್ಲ. ಗಟ್ಟಿ ಅದೀರಿ.”

ನಾನು ಊರಿಗೆಲ್ಲಾ ಕೇಳುವ ಹಾಗೆ ನಕ್ಕೆ. ದವಾಖಾನೆ ಮಾತ್ರ ಅಲುಗಾಡಲಿಲ್ಲ.

ಹಾಗಾದರೆ ಮನೆಯಲ್ಲಿ ಮತ್ತೆ ಯಾರಿಗೋ ಇರಬೇಕು. ನೀಲವ್ವನನ್ನು ಕೇಳಿದರು. “ನನಗೇನಾಗೇತ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ,” ಎಂದು ಒಳಗೆ ಹೋದಳು. ನಮ್ಮವ್ವ ತಂಗೆವ್ವನನ್ನು ನೋಡಿದರು. ಎಂಬತ್ತು ದಾಟಿದೆ, ಕಣ್ಣು ಅರ್ಧ ಕಾಣುತ್ತದೆ, ಕಿವಿ ಬೇಕಾದದ್ದನ್ನು ಮಾತ್ರ ಕೇಳುತ್ತದೆ. ಉಳಿದದ್ದೆಲ್ಲ ನನಗಿಂತ ಗಟ್ಟಿ. ಸಂಜೆಯಾಯಿತು. ಮರುದಿನ ಬೆಳಿಗ್ಗೆ ಹಾಲಿನ ಹೊತ್ತಿಗೆ ನಾನು ತಂಬಿಗೆ ಹಿಡಿದು ಕಾದು ನಿಂತೆ. ದವಾಖಾನೆ ಎದ್ದಿತು. ತಗಡು ಕಿರ್ರೆಂದಿತು. ನನ್ನ ಎದೆ ಹಗುರಾಯಿತು. ಅದು ಒಂದು ಸುತ್ತು ತಿರುಗಿ, ಧೂಳು ಕೊಡವಿ, ಅಲ್ಲೇ ಇನ್ನೂ ಗಟ್ಟಿಯಾಗಿ ಕೂತಿತು.

ಬಡಿಗೇರ ಮೌನೇಶ ನನ್ನ ಬಾಲ್ಯದ ಗೆಳೆಯ. ಇಡೀ ಊರಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ, ಅದರಲ್ಲಿ ಸರಿಯಾಗಿ ಗೊತ್ತಿರುವುದೂ ಏನೂ ಇಲ್ಲ. ಅವನು ಬಂದು ದವಾಖಾನೆಯ ಸುತ್ತ ನಡೆದು, “ಇದು ಮನಷ್ಯಾರ ಸಲುವಾಗಿ ಬಂದಿಲ್ಲ. ನಿಮ್ಮ ಎಮ್ಮಿ ನೋಡ್ರಿ,” ಎಂದ.

“ನಾ ಎಮ್ಮಿ ನರ್ಸಲ್ಲ!” ಎಂದರು ಸಿಸ್ಟರ್. ಆದರೂ ಓಣಿಯೆಲ್ಲ ನೋಡುತ್ತಿತ್ತಲ್ಲ, ಕಿವಿಗೆ ಕೊಳವೆ ಹಾಕಿಕೊಂಡು ಎಮ್ಮೆಯ ಪಕ್ಕೆಗೆ ಹಿಡಿದರು. ಎಮ್ಮೆ ಅವರ ಸೆರಗಿನ ತುದಿ ತಿಂದಿತು. ಎಮ್ಮೆಗೂ ಏನೂ ಇರಲಿಲ್ಲ. ಹಾಗಾದರೆ ಗಿರಣಿಗೇ ಏನೋ ಆಗಿದೆ ಎಂದ ಮೌನೇಶ. “ಬೆಲ್ಟು ಸಡಿಲಾಗೇತಿ. ಮೊನ್ನೆ ಬೀಸೂ ಮುಂದ ದಮ್ಮು ಹತ್ತಿದಂಗ ಸಪ್ಪಳ ಬರ್ತಿತ್ತು.” ಬುಟ್ಟಿ ಹಿಡಿಸದ ಸಣ್ಣ ಕಿಟಕಿಯಿಂದ ಹೇಗೋ ಮೈ ತೂರಿಸಿ ಒಳಗೆ ಇಳಿದು ಬೆಲ್ಟನ್ನೂ ಬಿಗಿ ಮಾಡಿದ್ದಾಯಿತು. ಮೂರನೆಯ ದಿನವೂ ದವಾಖಾನೆ ಅಲ್ಲೇ.

ಆಮೇಲೆ ಹಾರೆ ತಂದೆವು. ಹತ್ತು ಜನ ಗಂಡಸರು ಒಂದೇ ಕಡೆಯಿಂದ ಹಾರೆ ಕೊಟ್ಟು ‘ಐಸಾ’ ಎಂದು ಮೀಟಿದೆವು. ಅದು ತನ್ನ ಮೆಟ್ಟಿಲುಗಳನ್ನು ಸೀರೆ ಎತ್ತಿಕೊಂಡ ಹಾಗೆ ಎತ್ತಿ ಒಳಗೆ ಎಳೆದುಕೊಂಡಿತು. ಗಾಯಕ್ಕೆ ಹಚ್ಚುವ ನೀಲಿ ಔಷಧದ ಒಂದು ಬಾಟಲಿ ನಮ್ಮ ಮೇಲೆ ಬಿತ್ತು. ಹತ್ತು ಜನ ನಾಲ್ಕು ದಿನ ನೀಲಿ ತಲೆ ಹೊತ್ತುಕೊಂಡು ತಿರುಗಿದೆವು.

ಎಬ್ಬಿಸಲು ಆಗದಿದ್ದರೆ ಕರೆಯೋಣ ಎಂದು ಮತ್ತೊಂದು ಉಪಾಯ ಹೂಡಿದೆವು. ಊರ ಆಚೆ ತುದಿಯಲ್ಲಿ ಫಕೀರಪ್ಪಜ್ಜ ಇದ್ದಾನೆ. ದವಾಖಾನೆ ತನ್ನ ಮನೆ ಮುಂದೆ ಕೂತರೆ ನಾಲ್ಕು ಜನ ಮಾತಾಡಿಸಲು ಬರುತ್ತಾರೆಂದು ಸುಳ್ಳು ಕೆಮ್ಮು ಕೆಮ್ಮುತ್ತಾ ಮುದುಕನಾದವನು. ಅವನ ಕೆಮ್ಮಿಗೆ ಗೋಡೆಯ ಸುಣ್ಣ ಉದುರುತ್ತದೆ. ಅವನ ಪಕ್ಕದಲ್ಲಿ ಇನ್ನೂ ಆರು ಜನ ಗಟ್ಟಿ ದನಿಯವರನ್ನು ಮಲಗಿಸಿ ನರಳಿಸಿದೆವು. ಆ ನರಳಾಟಕ್ಕೆ ಊರ ನಾಯಿಗಳೆಲ್ಲ ಊಳಿಟ್ಟವು. ದವಾಖಾನೆ ಆ ಕಡೆಯ ಕಿಟಕಿಯ ಒಂದು ಬಾಗಿಲನ್ನು ತೆರೆಯಿತು. ಸ್ವಲ್ಪ ಹೊತ್ತು ಕೇಳಿತು. ಮುಚ್ಚಿಕೊಂಡಿತು.

ಇಷ್ಟರಲ್ಲಿ ಊರ ಹಿಟ್ಟಿನ ಡಬ್ಬಿಗಳೆಲ್ಲ ಖಾಲಿಯಾದವು. ರೊಟ್ಟಿಯಿಲ್ಲದ ನಮ್ಮೂರನ್ನು ನೀವು ನೋಡಿಲ್ಲ. ಮೂರು ಹೊತ್ತೂ ಅನ್ನ ತಿಂದು ತಿಂದು ಗಂಡಸರ ಮುಖ ಒಗೆದು ಒಣಹಾಕಿದ ಧೋತರದ ಹಾಗಾಯಿತು. ಗುಂಡುಕಲ್ಲು ಎತ್ತುವ ಹುಡುಗರು ಇಟ್ಟಿಗೆ ಎತ್ತಲು ಕುಳಿತು ಯೋಚಿಸುತ್ತಿದ್ದರು. ಮನೆಯ ಮೂಲೆಯ ಬೀಸುವ ಕಲ್ಲುಗಳನ್ನು ಹೊರಗೆ ಎಳೆದದ್ದಾಯಿತು. ಅವನ್ನು ತಿರುಗಿಸಲು ಬರುವವಳು ಊರಲ್ಲಿ ನಮ್ಮವ್ವ ಒಬ್ಬಳೇ. ಅವಳು, “ನಾ ಒಲ್ಲೆ. ಬ್ಯಾಸರಾಗೇ ಮಗನಿಗೆ ಗಿರಣಿ ಹಾಕಸೀನಿ,” ಎಂದಳು.

ಸಿಟ್ಟು ಊರಿಗೆ ಯಾರ ಮೇಲೆ? ನನ್ನ ಮೇಲೆ. ಇವನಿಗೆ ಏನೋ ದೊಡ್ಡ ಬೇನೆಯಿದೆ, ಮುಚ್ಚಿಡುತ್ತಿದ್ದಾನೆ, ಅದರಿಂದ ಊರು ಉಪವಾಸ ಎಂದು ಮಾತಾಯಿತು. ಬೇರೆಯವರು ಮದ್ದಿಗೆ ನನ್ನ ಅಂಗಳಕ್ಕೇ ಬರಬೇಕಲ್ಲ, ಬಂದವರೆಲ್ಲ ನನ್ನ ಮುಖವನ್ನು ಬಗ್ಗಿ ಬಗ್ಗಿ ನೋಡಿ, “ಗುರುಪಾದಣ್ಣ, ಕಣ್ಣ ಒಳಗ ಹೋಗ್ಯಾವಲ್ಲೋ,” ಎನ್ನುವರು. ಬಾಳೆಹಣ್ಣು ತಂದರು, ಬಿಸ್ಕೀಟು ತಂದರು. ನನ್ನ ತಂಗಿ ದೂರದ ಊರಿನಿಂದ ಅಳುತ್ತಾ ಬಂದು ನನ್ನ ಕಾಲ ಬಳಿ ಕೂತಳು. ನಾನು ಹನ್ನೆರಡು ಬಾಳೆಹಣ್ಣು ಒಂದೇ ಸಲಕ್ಕೆ ತಿಂದು ತೋರಿಸಿದೆ. “ಪಾಪ, ತಿಳಿವಳಿಕೆ ಸಹಿತ ಹೋಗೇತಿ,” ಎಂದು ಅವಳು ಇನ್ನೂ ಜೋರಾಗಿ ಅತ್ತಳು. ಐದನೆಯ ದಿನಕ್ಕೆ ನನಗೇ ಅನುಮಾನ ಬಂತು. ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡೆ. ನಾಲಿಗೆ ನನ್ನದೇ, ಉದ್ದ ಮಾತ್ರ ಜಾಸ್ತಿ.

ಆರನೆಯ ದಿನ ಬೆಳಿಗ್ಗೆ ಊರೆಲ್ಲ ನನ್ನ ಅಂಗಳದಲ್ಲಿ ಸೇರಿತ್ತು. ಸಿಸ್ಟರ್ ಪಡಸಾಲೆಯ ಕಂಬಕ್ಕೆ ಒರಗಿ, ಒಂದು ಕೈಯಲ್ಲಿ ಹಣೆ ಒತ್ತಿಕೊಳ್ಳುತ್ತಾ, ಇನ್ನೊಂದು ಕೈಯಲ್ಲಿ ನನ್ನನ್ನು ಏಳನೆಯ ಸಲ ಪಟ್ಟಿ ಸುತ್ತಲು ಕರೆಯುತ್ತಿದ್ದರು. ನಾನು ಕೂಗಾಡುತ್ತಿದ್ದೆ. ಆಗ ನಮ್ಮವ್ವ ಕಟ್ಟೆಯ ಮೇಲಿಂದ ಕೇಳಿದಳು, “ಅಲ್ಲೋ, ಮನ್ಯಾಗ ಎಲ್ಲಾರದೂ ನೋಡೀರಿ. ಆ ಹುಡಿಗೀದು ನೋಡೀರೇನು?”

“ಯಾವ ಹುಡಿಗಿಬೇ? ನಮ್ಮನ್ಯಾಗ ಹುಡಿಗಿ ಎಲ್ಲದಾಳ?”

“ಹಿಂದಿನ ಖೋಲ್ಯಾಗ ಇರತಾಳಲ್ಲೋ. ನಮ್ಮ ಜೋಡಿ ಉಣತಾಳಲ್ಲೋ. ಅಕಿ.”

ನಾವೆಲ್ಲ ಸಿಸ್ಟರ್ ಕಡೆ ತಿರುಗಿದೆವು. ಎಮ್ಮೆಯನ್ನು ನೋಡಿದ್ದೆವು, ಗಿರಣಿಯ ಬೆಲ್ಟು ನೋಡಿದ್ದೆವು. ಅವರನ್ನು ನೋಡಬೇಕೆಂದು ಊರಲ್ಲಿ ಒಂದು ತಲೆಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ಅವರ ತಲೆಗೂ ಹೊಳೆದಿರಲಿಲ್ಲ. ಅವರ ಖೋಲಿಯ ಸಂದಿಯಲ್ಲಿ ತೂರಲಾಗದೆ ದವಾಖಾನೆ ನನ್ನ ಬಾಗಿಲಿಗೆ ಕೂತಿತ್ತು.

“ಏ, ನನಗೇನಾಗೇದ?” ಎಂದು ಸಿಸ್ಟರ್ ನಕ್ಕರು. “ನಾ ಸರಕಾರದಾಕಿ. ನಾ ಲೆಕ್ಕಕ್ಕಿಲ್ಲ.”

“ಬಾಯಿ ಮುಚ್ಚಿ ತೋಳ ಚಾಚ್ರಿ ಸಿಸ್ಟರ,” ಎಂದೆ ನಾನು. ಆ ಮಾತು ಹೇಳುವಾಗ ಎಷ್ಟು ಸುಖವಾಯಿತೆಂದರೆ, ಆ ಪಾಪ ಈಗಲೂ ನನ್ನ ತಲೆಯ ಮೇಲಿದೆ.

ಪಟ್ಟಿ ನಾನೇ ಸುತ್ತಿದೆ, ಚೀಲದ ಬಾಯಿ ಕಟ್ಟುವವನಿಗೆ ಇದೇನು ದೊಡ್ಡದು. ಕಿವಿಯ ಕೊಳವೆ ಅವರೇ ಹಾಕಿಕೊಂಡರು. ನಾನು ಗಾಳಿ ಹಾಕಿದೆ. ಪಾದರಸ ಏರಿತು, ಏರಿತು. ಬಿಟ್ಟಾಗ ಇನ್ನೂರ ಹತ್ತರ ಹತ್ತಿರ ಕುಣಿಯತೊಡಗಿತು. ಮೂವತ್ತು ವರ್ಷ ತಕ್ಕಡಿ ಮುಳ್ಳು ನೋಡಿದ ಕಣ್ಣು ನನ್ನದು, ತಪ್ಪುವುದಿಲ್ಲ. ಸಿಸ್ಟರ್ ಮುಖದ ನಗೆ ಇಳಿಯಿತು. ಕೊಳವೆ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಮಸೀನು ಕೆಟ್ಟದ,” ಎಂದರು.

ಮೌನೇಶ ಬಗ್ಗಿ ಪಾದರಸ ನೋಡಿದ.

“ನಿನ್ನಿ ನೀಲವ್ವನ ಉಪ್ಪಿನಕಾಯಿ ತಿಂದಿದ್ದೆ.”

ಮೌನೇಶ ಮೊದಲು ನಕ್ಕ, ಆಮೇಲೆ ಊರೆಲ್ಲ. ನಾನೂ ನಕ್ಕೆ. “ಮೂರನೇದ್ದೂ ಹೇಳಿಬಿಡ್ರಿ!” ಎಂದು ಯಾರೋ ಕೂಗಿದರು.

“ಗುರುವಾರ ಕೂಸುಗಳಿಗೆ ಸೂಜಿ ಅದ,” ಎಂದರು ಅವರು. “ಬಸರಿ ಶಾಂತವ್ವಗ ದಿನ ತುಂಬ್ಯಾವ. ಎಲ್ಲಾ ಮುಗೀಲಿ, ಆಮ್ಯಾಲ ದೊಡ್ಡ ದವಾಖಾನಿಗೆ ಹೋಗಿ ತೋರಿಸ್ತೀನಿ.” ಅಂಗಳ ಗೊಳ್ಳೆಂದಿತು. ಅವರು ಮಾತ್ರ ನಗುತ್ತಿರಲಿಲ್ಲ ಎಂಬುದನ್ನು ನಾವು ತಡವಾಗಿ ಕಂಡೆವು.

ನನಗೆ ಸಿಟ್ಟು ಬಂತು. ನಗುವುದು ಮುಗಿದ ಕೂಡಲೇ ನನಗೆ ಬರುವುದು ಅದೇ. “ಆಮ್ಯಾಲ ಗೀಮ್ಯಾಲ ಏನಿಲ್ಲ. ಹನ್ನೊಂದರ ಬಸ್ಸಿಗೆ ಇವತ್ತ ಹೋಗ್ರಿ! ನೀವು ಇಲ್ಲೇ ಕುಂತ್ರ ಇದೂ ಇಲ್ಲೇ ಕುಂದ್ರತೇತಿ. ನೀವು ಎದ್ರ ಇದೂ ಏಳತೇತಿ. ನೀವಿಲ್ಲಂದ್ರ ಊರೇನ ಸಾಯಂಗಿಲ್ಲ!”

“ಸಾಯಂಗಿಲ್ಲ?”

“ಸಾಯಂಗಿಲ್ಲ!”

ಸಿಸ್ಟರ್ ಎದ್ದು ನಿಂತರು. ಎಷ್ಟು ವರ್ಷದಿಂದ ಅವರನ್ನು ನೋಡಿದ್ದರೂ ಅವರಿಗೂ ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. “ನಾಕ ತಿಂಗಳಿಂದ ತಲಿ ಒಡೀತದ ನನಗ. ಮಂದಿ ತಲಿಗೆ ಗುಳಿಗಿ ಕೊಡೂದ್ರಾಗ ಮರತೇ ಬಿಟ್ಟೆ. ನೀವ್ಯಾರೂ ಒಂದಿನ ‘ಹೆಂಗದೀರಿ’ ಅಂತ ಕೇಳಲಿಲ್ಲ. ಈಗ ಒಂದು ಮಾತು ಖರೇ ಹೇಳ್ರಿ ಗುರುಪಾದಣ್ಣ. ಈಗ ನಿಮಗ ಚಿಂತಿ ನನ್ನ ಜೀವದ್ದೋ, ಗಿರಣಿ ಬಾಗಲದ್ದೋ?”

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು ಸಣ್ಣ ಸುಳ್ಳು ಹೇಳಿ ಊರನ್ನು ಉಳಿಸುತ್ತಿದ್ದರು. ನಾನು ಏಳನೇ ಇಯತ್ತೆಯವರೆಗೆ ಕಲಿತದ್ದರಲ್ಲಿ ಮಗ್ಗಿ ಮರೆತಿದ್ದೇನೆ, ಪದ್ಯ ಮರೆತಿದ್ದೇನೆ, ಸುಳ್ಳು ಹೇಳಬಾರದು ಎಂದು ಮಾಸ್ತರರು ಬೆತ್ತದಲ್ಲಿ ಕಲಿಸಿದ್ದು ಮಾತ್ರ ಉಳಿದಿದೆ.

“ಮೊದಲ ಗಿರಣಿ,” ಎಂದೆ. “ಆಮ್ಯಾಲ ನೀವು.”

ನೀಲವ್ವ ಹಣೆ ಬಡಿದುಕೊಂಡಳು. ಅವ್ವ ನನ್ನ ಕಡೆ ಕೋಲು ಎಸೆದಳು. ಅರ್ಧ ಕಣ್ಣಿದ್ದರೂ ಗುರಿ ತಪ್ಪಲಿಲ್ಲ. ಸಿಸ್ಟರ್ ಮಾತ್ರ ತಲೆ ಅಲ್ಲಾಡಿಸಿದರು, ತಕ್ಕಡಿ ಸರಿಯಾಗಿ ನಿಂತಾಗ ನಾನು ಅಲ್ಲಾಡಿಸುವ ಹಾಗೆ. ಸಂದಿಯಲ್ಲಿ ಹೋದರು. ಒಂದು ಬ್ಯಾಗು, ಒಂದು ಛತ್ರಿ ತಂದರು. ಖೋಲಿಯ ಕೀಲಿಯನ್ನು ಅವ್ವನ ಅಂಗೈಯಲ್ಲಿಟ್ಟು ಅವಳ ಕಾಲು ಮುಟ್ಟಿದರು. “ಶಾಂತವ್ವನ್ನ ನಾಳೆ ಅಕೀ ತವರಿಗೆ ಕಳಸ್ರಿ, ಅಲ್ಲಿ ಡಾಕ್ಟರ್ ಅದಾರ,” ಎಂದರು. ಹನ್ನೊಂದರ ಬಸ್ಸಿನ ಕಡೆ ನಡೆದರು. ನನ್ನನ್ನು ನೋಡಲಿಲ್ಲ.

ಅವರು ಓಣಿ ತಿರುಗುವಷ್ಟರಲ್ಲಿ ದವಾಖಾನೆ ಎದ್ದಿತು.

ಊರು ಕೇಕೆ ಹಾಕಿತು. ನನ್ನ ಬಾಗಿಲು ಬಯಲಾಯಿತು. ಹೆಣ್ಣುಮಕ್ಕಳು ಬುಟ್ಟಿ ತರಲು ಮನೆಗೆ ಓಡಿದರು. ನಾನು ಒಳಗೆ ನುಗ್ಗಿ ಸ್ವಿಚ್ಚು ಒತ್ತಿದೆ. ಮೌನೇಶ ಬಿಗಿ ಮಾಡಿದ ಬೆಲ್ಟು ಸಂಗೀತದ ಹಾಗೆ ತಿರುಗಿತು. ಮೊದಲ ಬುಟ್ಟಿಯ ಜೋಳ ಸುರಿಯುವಾಗ ಹೊರಗಿನಿಂದ ಮೌನೇಶ ಕೂಗಿದ, “ಗುರುಪಾದಾ, ಇದು ಯಾವ ಓಣಿಗೂ ತಿರಗವಲ್ದೋ!”

ಓಡಿ ಬಂದೆ. ದವಾಖಾನೆ ಶಾಂತವ್ವನ ಮನೆ ದಾಟಿತ್ತು. ಫಕೀರಪ್ಪಜ್ಜ ನಡುಬೀದಿಯಲ್ಲಿ ಮಲಗಿ ಪ್ರಾಣ ಬಿಡುವ ಹಾಗೆ ಕೆಮ್ಮಿದ. ಅದು ಅವನನ್ನು ತುಳಿಯದ ಹಾಗೆ ಸುತ್ತಿ ಹೋಯಿತು. ಕಂಬದ ವೈರು ಸುರುಳಿ ಬಿಚ್ಚುತ್ತಾ ಬಿಚ್ಚುತ್ತಾ ಕೊನೆಗೆ ಟಪ್ಪೆಂದು ಕಿತ್ತುಹೋಯಿತು. ನನ್ನ ಗಿರಣಿಯ ಕರೆಂಟೂ ಆ ಕಂಬದ್ದೇ. ಬೀಸುವ ಸಪ್ಪಳ ನಿಂತುಹೋಯಿತು. ಊರ ಹೊರಗಿನ ದಾರಿಯಲ್ಲಿ ಬಸ್ಸು ಹೊರಟಿತ್ತು. ಅದರ ಹಿಂದಿನ ಕಿಟಕಿಯಲ್ಲಿ ಸಿಸ್ಟರ್ ತಲೆ ಕಾಣುತ್ತಿತ್ತು. ದವಾಖಾನೆ ತಗಡು ಕುಲುಕಿಸುತ್ತಾ ಬಸ್ಸಿನ ಧೂಳಿನೊಳಗೆ ಓಡುತ್ತಿತ್ತು.

“ನಿಂದರು!” ಎಂದು ನಾನು ಕೂಗಿದೆ. “ನನಗ ಬ್ಯಾನಿ ಐತಿ! ಖರೇನ ಐತಿ! ರಾತ್ರಿ ನಿದ್ದಿ ಬರಂಗಿಲ್ಲ, ಸಿಟ್ಟ ಬಂದ್ರ ಎದಿ ಹಿಡೀತೇತಿ!” ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಪಕ್ಕದಲ್ಲೇ ನೀಲವ್ವ ಕೂಗಿದಳು, “ಮೂರ ವರ್ಷದಿಂದ ನನ್ನ ಮೊಣಕಾಲ ಮಡಚಾಕ ಬರವಲ್ದು!” ನಾನು ಅವಳ ಮುಖ ನೋಡಿದೆ. ಮೌನೇಶ ಬಾಯಿಗೆ ಎರಡೂ ಕೈ ಹಿಡಿದು, “ನನಗ ಮೂಲವ್ಯಾಧಿ ಐತಿ!” ಎಂದು ದಿಕ್ಕು ದಿಕ್ಕಿಗೆ ಕೇಳುವ ಹಾಗೆ ಸಾರಿದ. “ನನ್ನ ಕೆಮ್ಮು ಸುಳ್ಳು, ಆದ್ರ ಕಣ್ಣಿಗೆ ಮಬ್ಬ ಖರೇ!” ಎಂದ ಫಕೀರಪ್ಪಜ್ಜ. ಸಕ್ಕರೆ ಬೇನೆ, ಹಲ್ಲು, ಸೊಂಟ, ಬಿಳಿಸೆರಗು, ಗ್ಯಾಸು, ಸೊಸೆಯ ಕಾಟ, ಮುಚ್ಚಿಟ್ಟದ್ದನ್ನೆಲ್ಲ ಊರು ಬೀದಿಯಲ್ಲಿ ನಿಂತು ಕೂಗಿತು.

ತಿರುವಿನಲ್ಲಿ ದವಾಖಾನೆ ಒಂದು ಗಳಿಗೆ ನಿಂತಿತು. ನಮ್ಮ ಕಡೆಯ ಕಿಟಕಿಯ ಒಂದು ಬಾಗಿಲು ತೆರೆಯಿತು. ನಾನು ಅಂಗಿಯ ತೋಳು ಮಡಚಿ, ಅದಕ್ಕೆ ಕಾಣಲೆಂದು ಎತ್ತರಕ್ಕೆ ಚಾಚಿದೆ.

ಕಿಟಕಿ ಮುಚ್ಚಿತು. ಬಸ್ಸು ತಿರುಗಿತು, ದವಾಖಾನೆಯೂ ತಿರುಗಿತು. ಧೂಳು ಇಳಿದ ಮೇಲೆ ದಾರಿ ಖಾಲಿ ಇತ್ತು, ಮರುದಿನವೂ ಖಾಲಿ ಇತ್ತು, ಇವತ್ತಿಗೂ ಖಾಲಿಯೇ. ಅವತ್ತು ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಬೆನ್ನ ಹಿಂದೆ ನನ್ನ ಗಿರಣಿಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಬರುವವರಿಲ್ಲ. ನಾನು ತೋಳು ಚಾಚಿಕೊಂಡೇ ನಿಂತಿದ್ದೆ.